ದವಡೆಗಳ ಹಿಂದುಮುಂದನ್ನು ಅಳೆಯುವ ಬಗೆ

ಕೇಳುಗರಿಗೆ ನಮಸ್ಕಾರ.

ಮಗುವಿನ ಮೇಲಿನ ಹಲ್ಲು ಉಬ್ಬಿದೆ, ಕ್ಲಿಪ್ ಹಾಕಿಸಬೇಕು ಎಂದು ಬರುವ ತಂದೆತಾಯಿಯರು ದೋಷವೆಲ್ಲ ಹಲ್ಲಿನದೇ ಎಂದು ಭಾವಿಸಿರುತ್ತಾರೆ. ಆದರೆ ಹಲ್ಲನ್ನು ಹೊತ್ತ ಮೇಲ್ದವಡೆಯೇ ಮುಂದೆ ಬಂದಿರಬಹುದು, ಅಥವಾ ಮೇಲ್ದವಡೆ ತನ್ನ ಜಾಗದಲ್ಲೇ ಇದ್ದು ಕೆಳದವಡೆ ಹಿಂದುಳಿದಿರಬಹುದು. ಇದನ್ನು ತಿಳಿಯಲು ತಲೆಯನ್ನು ಅಲುಗದಂತೆ ನಿಲ್ಲಿಸಿ ಪಕ್ಕದಿಂದ ತೆಗೆದ ಎಕ್ಸ್-ರೇ, ಅಂದರೆ ಸೆಫಲೋಗ್ರಾಮ್, ಬೇಕು. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್‌ರಾತ್ ಬೇರೆಬೇರೆಯಾಗಿ ಈ ವಿಧಾನವನ್ನು ಪ್ರಕಟಿಸಿದರು. ಚಿತ್ರ ಒಂದೇ ಆದರೂ ಅದರ ಮೇಲೆ ಗೆರೆ ಎಳೆದು ಅಳೆಯುವ ಬಗೆಗಳು ಹಲವು, ಮತ್ತು ಅವು ಎಲ್ಲ ಸಲವೂ ಒಂದೇ ಉತ್ತರ ಕೊಡುವುದಿಲ್ಲ.

ಹೆಚ್ಚು ಬಳಕೆಯಲ್ಲಿರುವುದು ಎ.ಎನ್.ಬಿ. ಕೋನ. ಮೇಲ್ದವಡೆಯ ಮುಂಭಾಗದ ತಗ್ಗು ಎ, ಕೆಳದವಡೆಯದು ಬಿ, ಹುಬ್ಬುಗಳ ನಡುವೆ ಮೂಗಿನ ಎಲುಬು ಹಣೆಯ ಎಲುಬನ್ನು ಕೂಡುವ ಬಿಂದು ಎನ್, ಅಂದರೆ ನೇಸಿಯನ್. ರೀಡೆಲ್ ಬಳಸಿ, 1953ರಲ್ಲಿ ಸ್ಟೈನರ್ ಜನಪ್ರಿಯಗೊಳಿಸಿದ ಈ ಕೋನ ಸುಮಾರು 2 ಡಿಗ್ರಿ ಇದ್ದರೆ ದವಡೆಗಳು ಹೊಂದಿಕೊಂಡಿವೆ ಎಂದು ಹೇಳುತ್ತೇವೆ. ಇದರ ತೊಡಕೆಲ್ಲ ಎನ್ ಎಂಬ ಗೂಟದಲ್ಲಿದೆ. ಒಂದು ಗೂಟಕ್ಕೆ ಎರಡು ದಾರ ಕಟ್ಟಿ, ಅವುಗಳ ತುದಿಗಳನ್ನು ಕೆಳಗಿನ ಎರಡು ಮೊಳೆಗಳಿಗೆ ಬಿಗಿದಿದ್ದೇವೆ ಎಂದುಕೊಳ್ಳಿ. ಮೊಳೆಗಳನ್ನು ಮುಟ್ಟದೆ ಗೂಟವನ್ನು ಮುಂದಕ್ಕೆ ಸರಿಸಿದರೂ ದಾರಗಳ ನಡುವಿನ ಕೋನ ಬದಲಾಗುತ್ತದೆ. ನೇಸಿಯನ್ ಮುಂದಿರುವ ಮುಖದಲ್ಲಿ ಕೋನ ಕಡಿಮೆಯಾಗಿಯೂ, ಹಿಂದಿರುವ ಮುಖದಲ್ಲಿ ಹೆಚ್ಚಾಗಿಯೂ ಕಾಣುವುದು ಇದರಿಂದಲೇ.

ಈ ಗೂಟವನ್ನೇ ಬಿಟ್ಟು ಅಳೆಯಲು 1975ರಲ್ಲಿ ಜೇಕಬ್‌ಸನ್ ವಿಟ್ಸ್ ಅಳತೆಯನ್ನು ಸೂಚಿಸಿದರು. ವಿಟ್ಸ್ ಯಾರೋ ವಿಜ್ಞಾನಿಯ ಹೆಸರೆಂದು ನಂಬಿರುವ ವಿದ್ಯಾರ್ಥಿಗಳಿದ್ದಾರೆ. ಅದು ಜೋಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದ ಅಡ್ಡಹೆಸರು. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕಚ್ಚಿಕೊಳ್ಳುವ ಸಮತಲಕ್ಕೆ ಎ ಮತ್ತು ಬಿ ಬಿಂದುಗಳಿಂದ ಲಂಬ ಎಳೆದು, ಅವು ತಾಗುವ ಜಾಗಗಳ ಅಂತರವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹೆಂಗಸರಲ್ಲಿ ಅದು ಸರಾಸರಿ ಸೊನ್ನೆ. ಗಂಡಸರಲ್ಲಿ ಬಿ ಸುಮಾರು 1 ಮಿಲಿಮೀಟರ್ ಮುಂದಿರುತ್ತದೆ. ಆದರೆ ಹಲ್ಲುಗಳ ಸಮತಲವೂ ಸ್ಥಿರವಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವ ಮಗುವಿನಲ್ಲಿ ಅದನ್ನು ಗುರುತಿಸುವುದೇ ಕಷ್ಟ, ಚಿಕಿತ್ಸೆ ನಡೆದಂತೆ ಅದರ ವಾಲಿಕೆಯೂ ಬದಲಾಗುತ್ತದೆ. ಎ ಮತ್ತು ಬಿ ನಡುವೆ 40 ಮಿಲಿಮೀಟರ್ ಎತ್ತರವಿದ್ದರೆ, ಸಮತಲ 3 ಡಿಗ್ರಿ ವಾಲಿದರೂ ವಿಟ್ಸ್ ಸುಮಾರು 2 ಮಿಲಿಮೀಟರ್ ಸರಿದುಬಿಡುತ್ತದೆ.

ನೇಸಿಯನ್ ಮತ್ತು ಹಲ್ಲಿನ ಸಮತಲ ಎರಡನ್ನೂ ಬಿಟ್ಟದ್ದು 2004ರ ಬೀಟಾ ಕೋನ. ಕೆಳದವಡೆಯ ಕೀಲುತಲೆಯಿಂದ ಬಿ ವರೆಗಿನ ಗೆರೆಗೆ ಎ ಬಿಂದುವಿನಿಂದ ಎಳೆದ ಲಂಬಕ್ಕೂ ಎ-ಬಿ ಗೆರೆಗೂ ನಡುವಿನ ಕೋನ ಇದು. 27ರಿಂದ 35 ಡಿಗ್ರಿ ಸಹಜ, ಅದಕ್ಕಿಂತ ಕಡಿಮೆಯಾದರೆ ಕೆಳದವಡೆ ಹಿಂದೆ. ಆದರೆ ಕೀಲುತಲೆ ಎಲುಬುಗಳ ನೆರಳಿನಲ್ಲಿ ಮಸುಕಾಗಿರುತ್ತದೆ, ಬಾಚಿಹಲ್ಲಿನ ಬೇರು ಸರಿದರೆ ಎ ಬಿಂದುವೂ ಕದಲುತ್ತದೆ.

ನಮ್ಮ ಮಂಗಳೂರಿನ ಯೆನೆಪೋಯ ದಂತ ಕಾಲೇಜಿನಿಂದ 2009ರಲ್ಲಿ ಬಂದ ಯೆನ್ ಕೋನ ಎ ಮತ್ತು ಬಿ ಎರಡನ್ನೂ ಕೈಬಿಟ್ಟಿತು. ತಲೆಬುರುಡೆಯ ತಳದಲ್ಲಿರುವ ಸೆಲ್ಲಾ, ಮೇಲ್ದವಡೆಯ ಮುಂಭಾಗದ ನಡುಬಿಂದು, ಗದ್ದದ ಎಲುಬಿನೊಳಗೆ ಹಿಡಿಯುವ ದೊಡ್ಡ ವೃತ್ತದ ಕೇಂದ್ರ, ಈ ಮೂರನ್ನು ಸೇರಿಸಿದಾಗ 117ರಿಂದ 123 ಡಿಗ್ರಿ ಬಂದರೆ ಸಹಜ. ಕೆಳದವಡೆ ಕೆಳಕ್ಕೆ ಹಿಂದಕ್ಕೆ ತಿರುಗಿದ ಉದ್ದಮುಖದವರಲ್ಲಿ ಮಾತ್ರ ಈ ಅಂಕಿಯೂ ನಮ್ಮನ್ನು ದಾರಿ ತಪ್ಪಿಸಬಲ್ಲದು.

ಹೀಗಿರುವಾಗ ಎರಡು ಅಳತೆಗಳು ಜಗಳವಾಡಿದರೆ, ಅವುಗಳ ಸರಾಸರಿ ತೆಗೆಯುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಕೆಟ್ಟ ದಾರಿ. ಒಬ್ಬ ಹುಡುಗಿಯ ಎ.ಎನ್.ಬಿ. 6 ಡಿಗ್ರಿ, ಅಂದರೆ ದವಡೆಗಳು ಹೊಂದಿಲ್ಲ ಎನ್ನುತ್ತದೆ, ವಿಟ್ಸ್ ಸೊನ್ನೆ, ಅಂದರೆ ಹೊಂದಿವೆ ಎನ್ನುತ್ತದೆ ಎಂದುಕೊಳ್ಳೋಣ. ಆಗ ಮೊದಲು ಸೆಲ್ಲಾದಿಂದ ನೇಸಿಯನ್‌ವರೆಗಿನ ಉದ್ದ ಗಿಡ್ಡವಾಗಿ ನೇಸಿಯನ್ ಹಿಂದೆ ಸರಿದಿದೆಯೇ ಎಂದು ನೋಡಬೇಕು, ಬಳಿಕ ಹಲ್ಲಿನ ಸಮತಲ ಕಡಿದಾಗಿದೆಯೇ ಎಂದು. ಉದ್ದ ಗಿಡ್ಡವಾಗಿದ್ದು, ಸಮತಲ ಸರಿಯಾಗಿದ್ದು, ಬೀಟಾ 30 ಡಿಗ್ರಿ ಬಂದರೆ ಆ 6 ಡಿಗ್ರಿ ನೇಸಿಯನ್ನಿನ ಲೆಕ್ಕಕ್ಕೆ ಹೋಗುತ್ತದೆ, ನಾನು ದವಡೆಯನ್ನು ಬಿಟ್ಟು ಬಾಚಿಹಲ್ಲುಗಳ ವಾಲಿಕೆಯನ್ನು ಅಳೆಯಲು ತೊಡಗುತ್ತೇನೆ.

ನಮಸ್ಕಾರ.