ಹಳೆ ಗ್ರೀಟಿಂಗ್ ಕಾರ್ಡು: ಯಾವುದನ್ನು ಇಡುವುದು, ಹೇಗೆ ಇಡುವುದು, ಯಾವುದಕ್ಕೆ ಕತ್ತರಿ ಹಾಕುವುದು

ನಮಸ್ಕಾರ. ಮೇಜಿನ ಮೇಲೆ ಹರಡಿದ್ದೆಲ್ಲ ಹಳೆ ಗ್ರೀಟಿಂಗ್ ಕಾರ್ಡು. ಕ್ರಿಸ್‌ಮಸ್, ಹೊಸ ವರ್ಷ, ದೀಪಾವಳಿ, ಈದ್, ಒಂದೆರಡು ಸಂಕ್ರಾಂತಿಯದ್ದೂ ಉಂಟು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂಥದ್ದೊಂದು ಕಟ್ಟು ಸಿಗ್ತದೆ. ಮುಂಬಯಿಯಿಂದ, ಕುವೈತ್, ಬಹರೈನ್, ದುಬೈಯಿಂದ ವರ್ಷ ವರ್ಷ ಬಂದದ್ದು. ಬಿಸಾಡ್ಲಿಕ್ಕೆ ಮನಸ್ಸಾಗುವುದಿಲ್ಲ, ಹಾಗೇ ಇಟ್ಟರೆ ಬೂಷ್ಟು ಹಿಡೀತದೆ. ಇವುಗಳಲ್ಲಿ ಯಾವುದನ್ನು ಇಡಬೇಕು, ಹೇಗೆ ಇಡಬೇಕು, ಯಾವುದನ್ನು ಕತ್ತರಿಸಿ ಬೇರೆ ಕೆಲಸಕ್ಕೆ ತೆಗೆದುಕೊಳ್ಳಬಹುದು ಅಂತ ಇವತ್ತು ಪೂರ್ತಿ ನೋಡುವ.

ಮೊದಲು ಕಾಲದ ವಿಷಯ. ಈ ಕಟ್ಟನ್ನು ಮಳೆಗಾಲದಲ್ಲಿ ಬಿಚ್ಚಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಳಿಯಲ್ಲಿ ತೇವ ಹೆಚ್ಚಿನ ದಿನ ಶೇಕಡಾ 80ರ ಮೇಲೇ ಇರ್ತದೆ. ಕಾಗದಕ್ಕೆ ಬೂಷ್ಟು ಬರ್ಲಿಕ್ಕೆ 65–70 ದಾಟಿದರೆ ಸಾಕು. ಜುಲೈಯಲ್ಲಿ ಕಾರ್ಡುಗಳನ್ನು ಗಾಳಿಯಾಡದ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಹೊರಗಿನ ತೇವವನ್ನೂ ಸೇರಿಸಿಯೇ ಒಳಗೆ ಹಾಕಿದ ಹಾಗಾಯ್ತು. ಡಬ್ಬಿ ಒಳ್ಳೆಯದಾದಷ್ಟೂ ಆ ತೇವ ಹೊರಗೆ ಹೋಗುವುದಿಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆಯ ಸಮಯ. ಅದರಲ್ಲೂ ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ, ಮಧ್ಯಾಹ್ನದ ಕಡಲಗಾಳಿ ಶುರುವಾಗುವ ಮೊದಲೇ ಮುಗಿಸಿ. ಕಾರ್ಡುಗಳನ್ನು ನೆರಳಿನಲ್ಲಿ, ಫ್ಯಾನ್ ಗಾಳಿ ನೇರ ಬೀಳದ ಹಾಗೆ, ತೆರೆದು ನಿಲ್ಲಿಸಿ ಎರಡು ದಿನ ಬಿಡಿ. ಬಿಸಿಲಿಗೆ ಹಾಕಬೇಡಿ. ಅಚ್ಚಿನ ಬಣ್ಣಗಳಲ್ಲಿ ಹಳದಿ ಮತ್ತು ಕೆಂಪು ಬೇಗ ಮಾಸ್ತವೆ, ನೀಲಿ ಉಳೀತದೆ. ಶೋಕೇಸಿನಲ್ಲಿಟ್ಟ ಹಳೆ ಕಾರ್ಡುಗಳು ನೀಲಿ ನೀಲಿ ಕಾಣುವುದು ಅದಕ್ಕೇ. ಲಂಡನ್ನಿನಲ್ಲಿ ಹೆನ್ರಿ ಕೋಲ್ 1843ರಲ್ಲಿ ಅಚ್ಚು ಹಾಕಿಸಿ, ಕೈಯಲ್ಲಿ ಬಣ್ಣ ತುಂಬಿಸಿದ ಕ್ರಿಸ್‌ಮಸ್ ಕಾರ್ಡುಗಳಲ್ಲಿ ಕೆಲವು ಇವತ್ತಿಗೂ ಉಳಿದಿವೆ. ಬರೀ ವಯಸ್ಸಾದ ಮಾತ್ರಕ್ಕೆ ಕಾರ್ಡು ಹಾಳಾಗುವುದಿಲ್ಲ. ತೇವ, ಬೆಳಕು, ಹುಳ, ಈ ಮೂರು ಹಾಳು ಮಾಡ್ತವೆ.

ಈಗ ವಿಂಗಡಣೆ. ಕತ್ತರಿ ಸದ್ಯಕ್ಕೆ ದೂರ ಇಡಿ. ಪ್ರತಿ ಕಾರ್ಡನ್ನೂ ತೆರೆದು, ಒಳಗಿನ ಎರಡೂ ಪುಟ, ಬೆನ್ನು, ಕವರು, ಎಲ್ಲ ನೋಡಿ. ಎಷ್ಟೋ ಜನ ಮುಖಪುಟದ ಹಿಂಬದಿಯಲ್ಲೇ ಕಾಗದ ಬರೀತಿದ್ದರು: ಮಗುವಿಗೆ ಹಲ್ಲು ಬಂತು, ಊರಿಗೆ ಏಪ್ರಿಲಿನಲ್ಲಿ ಬರ್ತೇವೆ, ಅಮ್ಮನ ಕಾಲುನೋವು ಹೇಗುಂಟು ಅಂತ. ಚಿತ್ರ ಚಂದ ಉಂಟು ಅಂತ ಮುಂಭಾಗ ಕತ್ತರಿಸಿದರೆ ಆ ಬರಹ ಹೋಯ್ತು. ಹಾಗಾಗಿ ಮೂರು ರಾಶಿ ಮಾಡಿ. ಕೈಬರಹದಲ್ಲಿ ಸಂಗತಿ ಏನಾದರೂ ಇದ್ದರೆ ಅದು ಇಡುವ ರಾಶಿಗೆ, ಚಿತ್ರ ಎಷ್ಟೇ ಸಾಧಾರಣ ಇರಲಿ. ಬರೀ ಹೆಸರು, ಸಹಿ ಮಾತ್ರ ಇದ್ದರೆ ಅದು ಬಳಸುವ ರಾಶಿಗೆ ಹೋಗಬಹುದು. ಆದರೆ ತೀರಿಹೋದವರ ಸಹಿ ಇದ್ದರೆ ಮನೆಯವರನ್ನು ಒಂದು ಮಾತು ಕೇಳಿ. ಕಂಪನಿಯವರು, ಬ್ಯಾಂಕಿನವರು ಕಳಿಸಿದ, ಸಹಿಯನ್ನೂ ಅಚ್ಚು ಹಾಕಿದ ಕಾರ್ಡುಗಳನ್ನು ಧೈರ್ಯವಾಗಿ ಬಳಸಿ. ಸಂಗೀತದ ಕಾರ್ಡುಗಳನ್ನು ಪಕ್ಕಕ್ಕೆ ಇಡಿ, ಅದಕ್ಕೆ ಆಮೇಲೆ ಬರ್ತೇನೆ.

ಇಡುವ ರಾಶಿಯಲ್ಲಿ ಇಸವಿ ಇಲ್ಲದ ಕಾರ್ಡು ಬೇಕಾದಷ್ಟು ಸಿಗ್ತದೆ. ಕವರು ಇದ್ದರೆ ಮೊದಲು ಅಂಚೆ ಮುದ್ರೆ ನೋಡಿ. ಮುದ್ರೆ ಕಲಸಿಹೋಗಿದ್ದರೆ ವಿಳಾಸ ಸಹಾಯ ಮಾಡ್ತದೆ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಮಂಗಳೂರು 575001 ಅಂತ ಇದ್ದರೆ ಕಾರ್ಡು ಅದರ ನಂತರದ್ದೇ. ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ವಿಳಾಸದಲ್ಲಿ ಉಡುಪಿ ಜಿಲ್ಲೆ ಅಂತ ಕಂಡರೆ 1997ರ ಆಗಸ್ಟ್ ಆದಮೇಲಿನದ್ದು. ಅದಕ್ಕೆ ಮೊದಲು ಉಡುಪಿಯೂ ದ.ಕ., ಅಂದರೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತಲ್ಲ. ಕಳಿಸಿದವರ ವಿಳಾಸದಲ್ಲಿ ಮುಂಬಯಿ ಅಂತ ಇಂಗ್ಲಿಷಿನಲ್ಲಿ ಬರೆದದ್ದು ಸಾಮಾನ್ಯವಾಗಿ 1995ರ ಈಚಿನದ್ದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹೊಸ ಹೆಸರು ಇದ್ದರೆ ಅದು ಗಟ್ಟಿ ಸಾಕ್ಷಿ. ಹಳೆ ಹೆಸರು ಇದ್ದ ಮಾತ್ರಕ್ಕೆ ಕಾರ್ಡು ಹಳೆಯದು ಅಂತ ಹೇಳ್ಲಿಕ್ಕಾಗುವುದಿಲ್ಲ. ಜಿಲ್ಲೆ ಬೇರೆಯಾಗಿ ವರ್ಷಗಳಾದರೂ "ಉಡುಪಿ, ದ.ಕ." ಅಂತ ಬರೆಯುವವರು ಇದ್ದರು, "ಬಾಂಬೆ" ಅಂತ ಬರೆಯುವವರು ಈಗಲೂ ಇದ್ದಾರೆ. ಪಿನ್ ಇಲ್ಲದಿದ್ದರೂ ಹಾಗೆಯೇ, ಬರೆದವರು ಮರೆತಿರಬಹುದು. ತಿಳಿದದ್ದನ್ನು ಕಾರ್ಡಿನ ಬೆನ್ನ ಮೇಲೆ, ಕೆಳಗಿನ ಮೂಲೆಯಲ್ಲಿ, 2ಬಿ ಪೆನ್ಸಿಲಿನಲ್ಲಿ ಹಗುರವಾಗಿ ಬರೀರಿ: ಕಳಿಸಿದವರು ಯಾರು, ಸಂಬಂಧ ಏನು, ಅಂದಾಜು ಇಸವಿ. ಬಾಲ್ ಪೆನ್ನು ಬೇಡ, ಅದರ ಒತ್ತು ಮುಂಭಾಗದಲ್ಲಿ ಏಳ್ತದೆ. ಕವರನ್ನು ಬಿಸಾಡಬೇಡಿ, ಸ್ಟ್ಯಾಂಪಿಗೋಸ್ಕರ ಮೂಲೆಯನ್ನು ಹರಿಯಲೂಬೇಡಿ. ಕಡಿಮೆ ದರದ ಅಂಚೆಗೋಸ್ಕರ ಬುಕ್ ಪೋಸ್ಟ್ ಅಂತ ಬರೆದು, ಬಾಯಿ ಅಂಟಿಸದೆ ಕಳಿಸಿದ ಕವರುಗಳಂತೂ ಎಷ್ಟೋ ಸಲ ಹೊಸದರ ಹಾಗೇ ಉಳಿದಿರ್ತವೆ.

ಈ ಕಾರ್ಡನ್ನು ಹತ್ತಿರದಿಂದ ನೋಡಿ. ಮಡಿಕೆಯ ಉದ್ದಕ್ಕೂ ಸಣ್ಣ ಸಣ್ಣ ಕಂದು ಚುಕ್ಕೆ, ಮೂಲೆಯಲ್ಲಿ ಬೂದು ಬಣ್ಣದ ಹುಡಿ. ಆ ಹುಡಿ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಾಗದದ ನಾರಿನೊಳಗೆ ಇಳಿದು ಶಾಶ್ವತ ಕಲೆಯಾಗ್ತದೆ. ಪೂರ್ತಿ ಒಣಗಿದ ಮೇಲೆ, ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿ, ಮೆತ್ತನೆಯ ಪೇಂಟಿಂಗ್ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಗುಡಿಸಿ. ಕಂದು ಚುಕ್ಕೆ ಹೋಗುವುದಿಲ್ಲ, ಇರಲಿ ಬಿಡಿ. ಬ್ಲೀಚು, ನಿಂಬೆರಸ ಹಾಕಿ ತೆಗೆಯುವ ಕೆಲಸಕ್ಕೆ ಕೈ ಹಾಕಬೇಡಿ.

ಇಲ್ಲಿ ಮೇಲ್ಮೈ ಕೆರೆದ ಹಾಗೆ, ಅಂಕುಡೊಂಕು ಕಾಣ್ತದಲ್ಲ, ಅದು ಬೆಳ್ಳಿಹುಳದ ಕೆಲಸ. ಅದಕ್ಕೆ ಬೇಕಾದದ್ದು ಗಂಜಿಯ ಅಂಶ, ಅಂದರೆ ಕಾಗದದ ಲೇಪ, ಕವರಿನ ಅಂಟು. ಅದಕ್ಕೆ ನುಸಿಗುಳಿಗೆ ಇಡಬೇಡಿ. ಅದರ ಹೊಗೆ ಮನುಷ್ಯರಿಗೂ ಒಳ್ಳೆಯದಲ್ಲ, ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಕಾರ್ಡಿಗೆ ಅಂಟುವ ಹಾಗೆ ಮಾಡ್ತದೆ. ಫ್ರೀಜರ್ ಸಾಕು. ಒಣಗಿದ ಕಾರ್ಡುಗಳನ್ನು ಎರಡು ಜಿಪ್ ಚೀಲಗಳಲ್ಲಿ, ಒಂದರೊಳಗೆ ಒಂದು, ಗಾಳಿ ಒತ್ತಿ ತೆಗೆದು ಹಾಕಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಅವಸರ ಮಾಡಿದರೆ ತಣ್ಣಗಿನ ಕಾರ್ಡಿನ ಮೇಲೆ ನೀರು ಕೂತು, ಇಷ್ಟು ಹೊತ್ತು ಒಣಗಿಸಿದ್ದು ವ್ಯರ್ಥವಾಗ್ತದೆ.

ಇಡುವ ಮೊದಲು ಸ್ಟೇಪ್ಲರ್ ಪಿನ್ನು, ಗುಂಡುಸೂಜಿ, ರಬ್ಬರ್ ಬ್ಯಾಂಡು ಎಲ್ಲ ತೆಗೀಬೇಕು. ಪಿನ್ನು ನಮ್ಮ ಹವೆಗೆ ತುಕ್ಕು ಹಿಡೀತದೆ, ರಬ್ಬರು ಕರಗಿ ಅಂಟ್ತದೆ. ಹರಿದಲ್ಲಿ ಸೆಲ್ಲೋ ಟೇಪ್ ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಗೆ ಅಂಟಿಸಿದ ಆ ಪ್ಲಾಸ್ಟಿಕ್ಕನ್ನು ಆಮೇಲೆ ತೆಗೆಯಲಾಗುವುದಿಲ್ಲ, ಅಂಚಿನಿಂದ ತೇವ ಒಳಗೆ ಹೋದರೆ ಅಲ್ಲೇ ಉಳೀತದೆ. ಡಬ್ಬಿ ಕೊಳ್ಳುವಾಗ ತಳ ತಿರುಗಿಸಿ ನೋಡಿ, ತ್ರಿಕೋನದೊಳಗೆ 5 ಅಂತ ಇದ್ದರೆ ಪಾಲಿಪ್ರೊಪಿಲೀನ್, ಅದು ಆಗ್ತದೆ. 3 ಇದ್ದರೆ ಪಿವಿಸಿ, ಅದು ಬೇಡ. ಕಾರ್ಡುಗಳನ್ನು ಅಡ್ಡ ಪೇರಿಸಿದರೆ ಭಾರಕ್ಕೆ ಉಬ್ಬುಚಿತ್ರಗಳು ಚಪ್ಪಟೆಯಾಗ್ತವೆ, ಹೊಳಪಿನ ಕಾರ್ಡುಗಳು ಒಂದಕ್ಕೊಂದು ಅಂಟ್ತವೆ. ಆ ಹೊಳಪು ಜೇಡಿಮಣ್ಣಿನ ಲೇಪದ್ದು, ತೇವ ತಾಗಿದರೆ ಅದೇ ಅಂಟಾಗ್ತದೆ. ಲೈಬ್ರರಿಯ ಕಾರ್ಡಿನ ಹಾಗೆ ನಿಲ್ಲಿಸಿ ಜೋಡಿಸಿ, ಹೊಳಪಿನವುಗಳ ನಡುವೆ ಒಂದೊಂದು ಹಾಳೆ ಬಟರ್ ಪೇಪರ್ ಇಡಿ. ಹತ್ತು ಲೀಟರಿನ ಡಬ್ಬಿಗೆ ನೂರು ಗ್ರಾಂ ಸಿಲಿಕಾ ಜೆಲ್ ಹಾಕಿ, ಕಿತ್ತಳೆ ಬಣ್ಣದ್ದು. ಅದು ಹಸಿರಾದರೆ ತೇವ ತುಂಬಿದೆ ಅಂತ ಅರ್ಥ. ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಗೆ ಬರ್ತದೆ. ಡಬ್ಬಿಯನ್ನು ಅಟ್ಟದಲ್ಲಿ ಇಡಬೇಡಿ, ಹೊರಗೋಡೆಗೆ ತಾಗಿಸಲೂಬೇಡಿ. ಮುರಕಲ್ಲಿನ, ಅಂದರೆ ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆ ಮಳೆನೀರು ಹೀರಿಕೊಂಡು ವಾರಗಟ್ಟಲೆ ತಣ್ಣಗೆ ಇರ್ತದೆ.

ಡಬ್ಬಿಗಿಂತ ಚಂದದ ದಾರಿ ಇನ್ನೊಂದು ಉಂಟು. ಒಂದೇ ವರ್ಷದ ಅಥವಾ ಒಬ್ಬರೇ ಕಳಿಸಿದ ಕಾರ್ಡುಗಳನ್ನು ಪುಸ್ತಕದ ಹಾಗೆ ಹೊಲಿಯುವುದು. ಅಂಟು ಬೇಡ, ಕತ್ತರಿ ಬೇಡ, ಬರಹ ಪೂರ್ತಿ ಓದ್ಲಿಕ್ಕೆ ಸಿಗ್ತದೆ. ಎಡಗಡೆ ಮಡಿಕೆ ಇರುವ ಐದು ಕಾರ್ಡು ತೆಗೆದುಕೊಳ್ಳಿ, ಹೆಚ್ಚೆಂದರೆ ಆರು. ಹೆಚ್ಚಾದರೆ ಒಳಗಿನವು ಹೊರಗೆ ತಳ್ಳಿಕೊಂಡು ಪುಸ್ತಕ ಬಾಯಿ ಬಿಡ್ತದೆ. ಒಂದರ ಮಡಿಕೆಯೊಳಗೆ ಇನ್ನೊಂದನ್ನು ಕೂರಿಸಿ, ದೊಡ್ಡದು ಹೊರಗೆ, ಚಿಕ್ಕದು ಒಳಗೆ, ಕೆಳ ಅಂಚು ಸಮ. ಮಡಿಕೆಯ ಗೆರೆಯಲ್ಲಿ ದಬ್ಬಣದಿಂದ ಮೂರು ತೂತು: ಒಂದು ನಡುವೆ, ಉಳಿದೆರಡು ಅತಿ ಚಿಕ್ಕ ಕಾರ್ಡಿನ ಮೇಲಂಚು, ಕೆಳಂಚಿನಿಂದ 3 ಸೆಂ.ಮೀ. ಒಳಗೆ. ನೂಲು ಕಾರ್ಡಿನ ಎತ್ತರದ ಎರಡೂವರೆ ಪಟ್ಟು ಉದ್ದ ಇರಲಿ. ಹೊಲಿಗೆ ಮಿಷನ್ನಿನ ತೆಳು ನೂಲು ಕಾರ್ಡನ್ನು ಕೊಯ್ತದೆ, ಕ್ರೋಶಾ ನೂಲಿಗೆ ಸ್ವಲ್ಪ ಮೇಣ ಸವರಿ ಬಳಸಿ. ಸೂಜಿ ಒಳಗಿನಿಂದ ನಡುವಿನ ತೂತಲ್ಲಿ ಹೊರಗೆ ಹೋಗಲಿ, ಐದಾರು ಸೆಂ.ಮೀ. ಬಾಲ ಒಳಗೆ ಬಿಡಿ. ಹೊರಗಿನಿಂದ ಮೇಲಿನ ತೂತಲ್ಲಿ ಒಳಗೆ. ಒಳಗೆ ನಡುವಿನ ತೂತನ್ನು ದಾಟಿ ಕೆಳಗಿನ ತೂತಲ್ಲಿ ಹೊರಗೆ. ಕೊನೆಗೆ ನಡುವಿನ ತೂತಲ್ಲಿ ಮತ್ತೆ ಒಳಗೆ. ಈಗ ಎರಡು ತುದಿಗಳು ಆ ಉದ್ದ ನೂಲಿನ ಎರಡು ಬದಿಗೆ ಬರಬೇಕು, ಅದನ್ನು ಸೇರಿಸಿ ಗಂಟು ಹಾಕಿ. ಎಳೆಯುವಾಗ ಮಡಿಕೆಯ ಉದ್ದಕ್ಕೇ ಎಳೀರಿ, ಅಡ್ಡ ಎಳೆದರೆ ತೂತು ಹರೀತದೆ.

ಇನ್ನು ಬಳಸುವ ರಾಶಿ. ಸುಲಭದ್ದು ಚೀಟಿ: ಐದು ಬೈ ಏಳು ಇಂಚಿನ ಮುಖಪುಟದಿಂದ 5 × 8.5 ಸೆಂ.ಮೀ.ನ ನಾಲ್ಕು ತುಂಡು ಬರ್ತವೆ, ಒಂದು ತೂತು, ಒಂದು ದಾರ. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು ಹಂಚುವಾಗ ಪೊಟ್ಟಣದ ಹೊರಗೆ ಕಟ್ಟಿ. ನೆವ್ರಿ, ಗುಳಿಯೊದಂಥ ಕರಿದ ತಿಂಡಿಗಳ ಎಣ್ಣೆಗೆ ಅಚ್ಚಿನ ಮಸಿ ತಾಗುವುದು ಬೇಡ.

ನನ್ನ ಮಟ್ಟಿಗೆ ಹಳೆ ಕಾರ್ಡಿಗೆ ಅತ್ಯಂತ ಒಪ್ಪುವುದು ಇಪ್ಪತ್ತು ಬಿಲ್ಲೆಯ ಚೆಂಡು. 6 ಸೆಂ.ಮೀ. ಅಗಲದ ಬಿಲ್ಲೆಗಳು ಒಂದು ಕಾರ್ಡಿಗೆ ನಾಲ್ಕರಂತೆ ಐದು ಕಾರ್ಡಿಗೆ ಇಪ್ಪತ್ತು ಸಿಗ್ತವೆ. ಮೊದಲು ದಪ್ಪ ರಟ್ಟಿನಲ್ಲಿ ಒಂದು ದುಂಡು ಕಿಂಡಿ ಕತ್ತರಿಸಿ, ಅದನ್ನು ಚಿತ್ರದ ಮೇಲೆ ಜಾರಿಸುತ್ತಾ ಎಲ್ಲಿ ಚಂದ ಕಾಣ್ತದೆ ನೋಡಿ ಗುರುತು ಹಾಕಿ. ಕೈವಾರವನ್ನು ಕಾರ್ಡಿನ ಮೇಲೇ ಇಟ್ಟರೆ ಪ್ರತಿ ಚಿತ್ರದ ನಡುವೆ ಮುಳ್ಳಿನ ತೂತು ಉಳೀತದೆ. ತ್ರಿಕೋನದ ಅಚ್ಚಿಗೆ ಇನ್ನೊಂದು ರಟ್ಟಿನಲ್ಲಿ 3 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, ಕೈವಾರದ ಅಳತೆ ಬದಲಿಸದೆ ಪರಿಧಿಯಲ್ಲಿ ಆರು ಗುರುತು ಹಾಕಿ, ಒಂದು ಬಿಟ್ಟು ಒಂದನ್ನು ಸೇರಿಸಿ. ಬದಿ ಸುಮಾರು 5.2 ಸೆಂ.ಮೀ. ಬರ್ತದೆ. ಅದನ್ನು ಬಿಲ್ಲೆಯ ಹಿಂಬದಿಗೆ ಇಟ್ಟು, ಮಸಿ ಮುಗಿದ ಬಾಲ್ ಪೆನ್ನಿನಿಂದ ಮೂರೂ ಬದಿ ಗೀರಿ, ತ್ರಿಕೋನದ ಹೊರಗೆ ಉಳಿದ ಮೂರು ಕಿವಿಗಳನ್ನು ಚಿತ್ರದ ಕಡೆಗೆ ಮೇಲೆ ಮಡಿಸಿ. ಗೀರದೆ ಮಡಿಸಿದರೆ 250–300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ದಪ್ಪ ಕಾರ್ಡಿನ ಬಣ್ಣ ಒಡೆದು ಬಿಳಿ ಗೆರೆ ಕಾಣ್ತದೆ.

ಐದು ಬಿಲ್ಲೆಗಳನ್ನು, ತ್ರಿಕೋನಗಳ ಒಂದೊಂದು ತುದಿ ಒಂದೇ ಕಡೆ ಸೇರುವ ಹಾಗೆ, ಕಿವಿಗೆ ಕಿವಿ ಅಂಟಿಸಿದರೆ ಒಂದು ಟೊಪ್ಪಿ. ಇನ್ನೈದಕ್ಕೆ ಇನ್ನೊಂದು. ಉಳಿದ ಹತ್ತನ್ನು ತ್ರಿಕೋನದ ತುದಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರುವ ಹಾಗೆ ಸಾಲಾಗಿ ಅಂಟಿಸಿ ಬಳೆ ಮಾಡಿ. ಮೇಲೊಂದು ಟೊಪ್ಪಿ, ಕೆಳಗೊಂದು. ನೇತುಹಾಕುವ ದಾರವನ್ನು ಮೇಲಿನ ಟೊಪ್ಪಿಯ ತುದಿಯಲ್ಲಿ ಮೊದಲೇ ಪೋಣಿಸಿ ಒಳಗೆ ಗಂಟು ಹಾಕಿರಬೇಕು, ಚೆಂಡು ಮುಚ್ಚಿದ ಮೇಲೆ ಕೈ ಹೋಗುವುದಿಲ್ಲ. ಫೆವಿಕಾಲ್ ತೆಳ್ಳಗೆ ಹಚ್ಚಿ ಬಟ್ಟೆ ಕ್ಲಿಪ್ ಹಾಕಿ ಹತ್ತು ನಿಮಿಷ ಬಿಡಿ. ಅಂಟು ಹಿಡಿಯುವುದೇ ಇಲ್ಲ ಅಂತಾದರೆ ಕಾರ್ಡಿನ ಮೇಲೆ ಪ್ಲಾಸ್ಟಿಕ್ ಪೊರೆ ಇರ್ತದೆ. ಕಿವಿಯ ಭಾಗ ಮಾತ್ರ 220ರ ಮರಳುಕಾಗದದಲ್ಲಿ ಉಜ್ಜಿ ಮತ್ತೆ ಹಚ್ಚಿ. ಬಳೆ ಕೂಡುವುದಿಲ್ಲ, ಒಂದು ಕಡೆ ಸಂದು ಉಳೀತದೆ ಅಂತಾದರೆ ತ್ರಿಕೋನದ ಬದಿಗಳು ಸಮ ಇಲ್ಲ. ಒಂದು ಮಿಲಿಮೀಟರ್ ವ್ಯತ್ಯಾಸ ಹತ್ತು ಬಿಲ್ಲೆಯಲ್ಲಿ ಒಂದು ಸೆಂಟಿಮೀಟರ್ ಆಗ್ತದೆ. ಅದಕ್ಕೇ ಎಲ್ಲ ಬಿಲ್ಲೆಗೂ ಒಂದೇ ಅಚ್ಚು ಬಳಸಿ. ಚೆಂಡು ಸುಮಾರು 10 ಸೆಂ.ಮೀ. ದಪ್ಪ ಬರ್ತದೆ. ಕ್ರಿಸ್‌ಮಸ್‌ಗೆ ನಕ್ಷತ್ರದ ಪಕ್ಕ ಜಗಲಿಯಲ್ಲಿ ಕಟ್ಟಿದರೆ ತೊಂದರೆ ಇಲ್ಲ. ದೀಪಾವಳಿಗೆ ಗೂಡುದೀಪದ ಜೊತೆ ಕಟ್ಟುವುದಾದರೆ ಮಾಡಿನ ಒಳಗೇ ಕಟ್ಟಿ, ಹಿಂಗಾರಿನ ಒಂದು ಸಂಜೆಮಳೆಗೆ ಮೆತ್ತಗಾಗ್ತದೆ.

ಉಳಿದದ್ದು ಸಂಗೀತದ ಕಾರ್ಡು. ಒಳಪುಟದ ಕಾಗದ ಮೆಲ್ಲಗೆ ಬಿಡಿಸಿದರೆ ಸಣ್ಣ ಸರ್ಕ್ಯೂಟು, ಗುಂಡಿ ಸೆಲ್ಲು, ತೆರೆದಾಗ ಜಾರುವ ಪ್ಲಾಸ್ಟಿಕ್ ನಾಲಿಗೆ ಕಾಣ್ತದೆ. ಸೆಲ್ಲನ್ನು ತೆಗೆದೇ ಕಾರ್ಡು ಇಡಿ. ಸೋರಿದರೆ ಕ್ಷಾರ ಇಡೀ ಕಾರ್ಡಿಗೆ ಹರಡ್ತದೆ. ತೆಗೆದ ಸೆಲ್ಲಿನ ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ. ಮಗು ನುಂಗಿದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ಅನ್ನನಾಳ ಗಂಟೆಗಳಲ್ಲಿ ಸುಡ್ತದೆ. ಕತ್ತರಿಸಿ ಉಳಿದ ಚೂರುಗಳಲ್ಲಿ ಮಿನುಗುಹುಡಿ, ಜರಿ, ಪ್ಲಾಸ್ಟಿಕ್ ಪೊರೆ ಇರುವವನ್ನು ಹಳೆ ಪೇಪರಿನ ಜೊತೆ ಗುಜರಿಗೆ ಹಾಕಬೇಡಿ, ಅವು ಕಾಗದದ ತಿರುಳಿಗೆ ಸೇರುವುದಿಲ್ಲ. ಚೂರನ್ನು ಹರಿದು ನೋಡಿ. ಅಂಚಿನಲ್ಲಿ ನಾರು ಮಾತ್ರ ಕಂಡರೆ ಕಾಗದದ ರಾಶಿಗೆ, ತೆಳು ಪೊರೆ ಎಳೆದುಕೊಂಡು ಬಂದರೆ ಬೇರೆ ಒಣಕಸಕ್ಕೆ.