ಹುಡುಕಿದಾಗ ಸಿಗಬೇಕು: ಪುಸ್ತಕಕ್ಕೂ ಕಾಗದಪತ್ರಕ್ಕೂ ಟ್ಯಾಗ್

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮನೆ ತುಂಬ ಪುಸ್ತಕ ಇಟ್ಟುಕೊಂಡವರೇ ಜಾಸ್ತಿ ಇದ್ದೀರಿ, ಹಾಗಾಗಿ ಪುಸ್ತಕದಿಂದಲೇ ಶುರು ಮಾಡುತ್ತೇನೆ. ತೇಜಸ್ವಿಯವರ 'ಕರ್ವಾಲೊ' ತಗೊಳ್ಳಿ. ಯಾವ ಸಾಲಿನಲ್ಲಿ ಇಡುತ್ತೀರಿ? ಕಾದಂಬರಿ ಸಾಲಿನಲ್ಲಿ, ಸರಿ. ಆದರೆ ಅದರಲ್ಲಿ ಹಾರುವ ಓತಿ ಇದೆ, ಜೇನು ಇದೆ, ಮಲೆನಾಡಿನ ಕಾಡಿದೆ, ಜೀವವಿಕಾಸದ ಮಾತಿದೆ. ನಾಳೆ ಮಗಳು ಬಂದು "ಜೇನಿನ ಬಗ್ಗೆ ನಮ್ಮನೇಲಿ ಯಾವ ಪುಸ್ತಕ ಇದೆ ಅಪ್ಪಾ" ಅಂತ ಕೇಳಿದರೆ ಕಾದಂಬರಿ ಸಾಲಿನ ಕಡೆ ಕೈ ಹೋಗುತ್ತಾ? ಹೋಗಲ್ಲ. ಕಪಾಟಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಜಾಗ. ಫೋನಲ್ಲೋ ಕಂಪ್ಯೂಟರಿನಲ್ಲೋ ಮಾಡಿಟ್ಟ ಪುಸ್ತಕದ ಪಟ್ಟಿಯಲ್ಲಿ ಹಾಗಲ್ಲ, ಅದೇ ಪುಸ್ತಕಕ್ಕೆ ಕಾದಂಬರಿ, ಜೇನು, ಮಲೆನಾಡು, ವಿಜ್ಞಾನ ಅಂತ ನಾಲ್ಕು ಟ್ಯಾಗ್, ಅಂದರೆ ಹುಡುಕಲು ಅಂಟಿಸುವ ಗುರುತಿನ ಪದ, ಹಾಕಿದರೆ ನಾಲ್ಕು ಕಡೆಯಿಂದಲೂ ಸಿಗುತ್ತದೆ.

ಲೈಬ್ರರಿಯವರಿಗೆ ಈ ತಲೆನೋವು ಹಳೆಯದು. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಎಲ್ಲ ವಿಷಯಗಳನ್ನೂ ಹತ್ತು ಭಾಗ ಮಾಡಿ ನಂಬರ್ ಕೊಟ್ಟರು. ಧರ್ಮಕ್ಕೆ 200. ಅದರಲ್ಲಿ 220ರಿಂದ 280ರ ತನಕ ಬೈಬಲ್ಲಿಗೂ ಕ್ರೈಸ್ತ ಧರ್ಮಕ್ಕೂ ಹೋಯಿತು, ಲೋಕದ ಉಳಿದೆಲ್ಲ ಧರ್ಮಗಳೂ 290ರಲ್ಲೇ ಸೇರಿಕೊಳ್ಳಬೇಕಾಯಿತು. ನಮ್ಮ ಕನ್ನಡ ಸಾಹಿತ್ಯದ ನಂಬರ್ 894.814. ವಚನಗಳ ಪುಸ್ತಕ ಬಂದರೆ ಅದನ್ನು ಸಾಹಿತ್ಯದಲ್ಲಿಡಬೇಕಾ, ಧರ್ಮದಲ್ಲಿಡಬೇಕಾ? ಎರಡೂ ಸರಿ, ಆದರೆ ಪುಸ್ತಕ ಒಂದೇ ಕಡೆ ನಿಲ್ಲಬೇಕು.

ಇದನ್ನು ಬೇರೆ ಥರ ಯೋಚಿಸಿದವರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು, ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1933ರಲ್ಲಿ ಕೋಲನ್ ವರ್ಗೀಕರಣ ತಂದರು, ಅಂದರೆ ಒಂದು ವಿಷಯದ ಬೇರೆ ಬೇರೆ ಮುಖಗಳ ಗುರುತುಗಳನ್ನು ಕೋಲನ್ (:) ಚಿಹ್ನೆಯಿಂದ ಜೋಡಿಸುವ ಪದ್ಧತಿ. ಕೊನೆಯ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದರು, 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಗೆ ಡಿಆರ್‌ಟಿಸಿ ಅನ್ನುವ ಕೇಂದ್ರ ಶುರು ಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಒಂದು ವಿಷಯಕ್ಕೆ ಹಲವು ಮುಖಗಳಿರುತ್ತವೆ, ಒಂದೊಂದನ್ನೂ ಬಿಡಿಸಿ ನೋಡಿ ಅಂದವರು ಅವರು. ಮುಖ್ಯವಾಗಿ ಯಾವುದರ ಬಗ್ಗೆ? ಯಾವ ಪದಾರ್ಥ, ಯಾವ ಗುಣ? ಏನು ನಡೆಯುತ್ತಿದೆ? ಎಲ್ಲಿ? ಯಾವಾಗ? ಟ್ಯಾಗ್ ಹಾಕುವಾಗ ಏನೂ ಹೊಳೆಯದೆ ಕೂತರೆ ಈ ಐದು ಪ್ರಶ್ನೆ ಕೇಳಿಕೊಳ್ಳಿ. ನಾನು ದಿನಾ ಕೇಳಿಕೊಳ್ಳುತ್ತೇನೆ. ಐದಕ್ಕೂ ಉತ್ತರ ಸಿಗಬೇಕಂತಿಲ್ಲ, ಎರಡು ಸಿಕ್ಕರೂ ಸಾಕು.

2003ರಲ್ಲಿ ಇಂಟರ್ನೆಟ್ಟಿನ ಪುಟಗಳ ಕೊಂಡಿ ಉಳಿಸಿಡುವ ಡೆಲಿಶಿಯಸ್ ಅನ್ನುವ ತಾಣ ಬಂತು, 2005ರಲ್ಲಿ ನಮ್ಮ ಪುಸ್ತಕಗಳ ಪಟ್ಟಿ ಮಾಡುವ ಲೈಬ್ರರಿಥಿಂಗ್ ಬಂತು. ಆಗ ಸಾಮಾನ್ಯ ಓದುಗರೂ ತಮ್ಮ ಮಾತಿನಲ್ಲೇ ಟ್ಯಾಗ್ ಹಾಕತೊಡಗಿದರು. ಯಾರ ಅಪ್ಪಣೆಯೂ ಬೇಡ. ಅದೇ ಇದರ ಚೆಂದ.

ಆದರೆ ಮನಸ್ಸಿಗೆ ಬಂದಂತೆ ಹಾಕಿದರೆ ಆರು ತಿಂಗಳಲ್ಲಿ ಎಲ್ಲ ಗೋಜಲು. ಒಂದು ಕಡೆ 'ಕಾದಂಬರಿ', ಇನ್ನೊಂದು ಕಡೆ 'ಕಾದಂಬರಿಗಳು', ಮತ್ತೊಂದು ಕಡೆ 'ನಾವೆಲ್'. ಕಂಪ್ಯೂಟರಿಗೆ ಇವು ಮೂರು ಬೇರೆ ಬೇರೆ. ಏಕವಚನವೋ ಬಹುವಚನವೋ ಮೊದಲೇ ತೀರ್ಮಾನ ಮಾಡಿ ಒಂದು ಕಡೆ ಬರೆದಿಟ್ಟುಕೊಳ್ಳಿ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಕಾಟ ಇದೆ, ಇದನ್ನು ಹೇಳುವವರು ಕಡಿಮೆ. 'ಟ್ರಾವೆಲ್', 'ಇಂಟರ್ನೆಟ್' ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಟೈಪಿಂಗ್ ತಂತ್ರಾಂಶಗಳು ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸಿಬಿಡುತ್ತವೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಹುಡುಕಿದರೆ ಒಂದು ಸಿಕ್ಕರೆ ಇನ್ನೊಂದು ಸಿಗದೇ ಹೋಗಬಹುದು. ಅದಕ್ಕೇ ನಾನು 'ಟ್ರಾವೆಲ್' ಬದಲು 'ಪ್ರವಾಸ' ಅಂತಲೇ ಹಾಕುತ್ತೇನೆ. ಪಟ್ಟಿಯಿಂದ ಆರಿಸಿಕೊಳ್ಳುವ ಅವಕಾಶ ಇದ್ದರೆ ಮತ್ತೆ ಟೈಪ್ ಮಾಡಲೇಬೇಡಿ.

ಎಲ್ಲ ಪುಸ್ತಕಕ್ಕೂ ಹೊಂದುವ ಟ್ಯಾಗ್ ದಂಡ. ಮನೆಯ ಮುಕ್ಕಾಲು ಪುಸ್ತಕ ಕನ್ನಡದ್ದೇ ಆಗಿದ್ದರೆ 'ಕನ್ನಡ' ಅಂತ ಹಾಕಿ ಏನು ಬಂತು? 'ಚೆನ್ನಾಗಿದೆ' ಕೂಡ ಹಾಗೇ. ಬದಲಿಗೆ 'ಓದಿಲ್ಲ', 'ಅರ್ಧ ಓದಿದ್ದು', 'ಮತ್ತೆ ಓದಬೇಕು' ಹಾಕಿ ನೋಡಿ. ನನ್ನ ಪಟ್ಟಿಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಟ್ಯಾಗ್ 'ಎರವಲು ಕೊಟ್ಟಿದ್ದು'. ಜೊತೆಗೆ ತಗೊಂಡವರ ಹೆಸರು, ತಿಂಗಳು. ಪುಸ್ತಕ ವಾಪಸ್ ಬರದಿರಲು ಅರ್ಧ ಕಾರಣ ಕೊಟ್ಟವರಿಗೆ ಯಾರಿಗೆ ಕೊಟ್ಟೆವು ಅನ್ನೋದೇ ನೆನಪಿಲ್ಲದಿರೋದು.

ಇನ್ನು ಮನೆಯ ಕಾಗದಪತ್ರ. ಅಮ್ಮನ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ ರಿಪೋರ್ಟ್ ಸ್ಕ್ಯಾನ್ ಮಾಡಿದ್ದೀರಿ ಅಂದುಕೊಳ್ಳಿ. ಫೋಲ್ಡರ್ ಯಾವುದು? ಡಾಕ್ಟರ್ ಕೇಳುವಾಗ ಅದು 'ಸಕ್ಕರೆ', ವಿಮೆಯವರು ಕೇಳುವಾಗ ಅದು 'ವಿಮೆ', ತಮ್ಮ ಫೋನ್ ಮಾಡಿ ಕೇಳುವಾಗ ಅದು 'ಅಮ್ಮ'. ಟ್ಯಾಗ್ ಹಾಕುವ ಸೌಲಭ್ಯವೇ ಇಲ್ಲದ ಫೋನು, ಕಂಪ್ಯೂಟರ್ ಆದರೂ ಚಿಂತೆಯಿಲ್ಲ, ಫೈಲಿನ ಹೆಸರಿನಲ್ಲೇ ಬರೆದುಬಿಡಿ: '2024-03 ಅಮ್ಮ ಸಕ್ಕರೆ ವಿಮೆ'. ಯಾವ ಪದದಿಂದ ಹುಡುಕಿದರೂ ಬರುತ್ತದೆ. ವರ್ಷ ಮೊದಲು, ತಿಂಗಳು ಆಮೇಲೆ ಇದ್ದರೆ ದಿನಾಂಕದ ಪ್ರಕಾರ ತಾನೇ ಸಾಲಾಗಿ ನಿಲ್ಲುತ್ತವೆ. ಪಹಣಿ, ಕಂದಾಯದ ರಸೀದಿ, ಮಕ್ಕಳ ಅಂಕಪಟ್ಟಿ, ಎಲ್ಲಕ್ಕೂ ಇದೇ ಸಾಕು.

ಕಡೆಯದಾಗಿ ಒಂದು ಮಾತು, ದಯವಿಟ್ಟು ಇದನ್ನು ಮರೆಯಬೇಡಿ. ಯಾವ ಆ್ಯಪ್‌ನಲ್ಲಿ ಪಟ್ಟಿ ಮಾಡಿದರೂ ಆಗಾಗ ಸಿಎಸ್‌ವಿ ಫೈಲಾಗಿ, ಅಂದರೆ ಎಕ್ಸೆಲ್ ಥರದ ಯಾವ ತಂತ್ರಾಂಶದಲ್ಲೂ ತೆರೆಯುವ ಸರಳ ಪಟ್ಟಿಯಾಗಿ, ಇಳಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಡೆಲಿಶಿಯಸ್ ಕೈಯಿಂದ ಕೈಗೆ ಮಾರಾಟವಾಗಿ 2017ರಲ್ಲಿ ಹೊಸದೇನೂ ಸೇರಿಸಲಾಗದ ಸ್ಥಿತಿಗೆ ಬಂತು. ಪುಸ್ತಕದ ಪಟ್ಟಿಗೆ ಇದ್ದ ಶೆಲ್ಫಾರಿ 2016ರಲ್ಲಿ ಮುಚ್ಚಿಹೋಯಿತು. ವರ್ಷಗಟ್ಟಲೆ ಕೂತು ಹಾಕಿದ ಟ್ಯಾಗ್ ನಿಮ್ಮದು, ಅದರ ಒಂದು ಪ್ರತಿ ನಿಮ್ಮ ಮನೆಯಲ್ಲೇ ಇರಲಿ. ಹಳೇ ಪುಸ್ತಕಗಳ ರಾಶಿ ನೋಡಿ ಹೆದರಬೇಡಿ, ಈ ವಾರ ಮನೆಗೆ ಬಂದ ಪುಸ್ತಕದಿಂದ ಶುರು ಮಾಡಿ, ಹಳೆಯದನ್ನು ಕೈಗೆ ಬಂದಾಗ ಸೇರಿಸುತ್ತಾ ಹೋಗಿ. ಈಗ ನಿಮ್ಮ ಪ್ರಶ್ನೆ ಕೇಳಿ.