ಬೇವಿನ ತಪ್ಪಲಿನೊಳಗಿನ ಶಿಲೀಂಧ್ರ

ಕೇಳುಗರಿಗೆಲ್ಲ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳು ರೇಡಿಯೋ ಮುಂದೆ ಇದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಪೆನ್ನು, ಹಾಳೆ ಹತ್ತಿರ ಇರಲಿ.

ಹಸಿರಾಗಿ, ಗಟ್ಟಿಮುಟ್ಟಾಗಿ ಕಾಣುವ ಎಲೆಯ ಒಳಗೂ ಶಿಲೀಂಧ್ರ ಇರುತ್ತದೆ. ಗಿಡಕ್ಕೆ ರೋಗ ತರದೆ ಅಲ್ಲೇ ಬಾಳುತ್ತದೆ. ಇದಕ್ಕೆ ಎಂಡೋಫೈಟ್ ಎನ್ನುತ್ತಾರೆ. ಇವು ತಯಾರಿಸುವ ರಾಸಾಯನಿಕಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವವು, ಕೀಟ ತಡೆಯುವವು, ಕ್ಯಾನ್ಸರ್ ಕೋಶದ ಬೆಳವಣಿಗೆ ನಿಲ್ಲಿಸುವವು ಸಿಕ್ಕಿವೆ. ಹುಡುಕಲು ಹೊರಟವರು, ಸಿಕ್ಕಿದ್ದು ಶಿಲೀಂಧ್ರವಾಗಲಿ ರಾಸಾಯನಿಕವಾಗಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಎಲ್ಲಿಂದ ಬಂತು?

ಬೇವಿನ ತಪ್ಪಲನ್ನೇ ತಗೊಳ್ಳಿ. ಸೇಡಂ, ವಾಡಿ ಕಡೆ ರಸ್ತೆಬದಿಯ ಗಿಡದ ಎಲೆ ಉಜ್ಜಿದರೆ ಬೆರಳಿಗೆ ಬೂದು ಬಣ್ಣ ಹತ್ತುತ್ತದೆ. ಆ ಧೂಳಿನಲ್ಲೂ ಶಿಲೀಂಧ್ರದ ಬೀಜಕಗಳಿವೆ. ಅದಕ್ಕೇ ಕಲೆಯಿಲ್ಲದ ಎಲೆ ಆರಿಸಿ, ತಂಪಾಗಿಟ್ಟು, 24 ಗಂಟೆಯೊಳಗೆ ಕೆಲಸ ಶುರುಮಾಡಿ. ಹರಿಯುವ ನಳದ ನೀರಲ್ಲಿ 10 ನಿಮಿಷ ತೊಳೆಯಿರಿ. ಶೇ. 70ರ ಆಲ್ಕೋಹಾಲ್‌ನಲ್ಲಿ 1 ನಿಮಿಷ, ಶೇ. 4ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 3 ನಿಮಿಷ, ಮತ್ತೆ ಆಲ್ಕೋಹಾಲ್‌ನಲ್ಲಿ 30 ಸೆಕೆಂಡು ಅದ್ದಿ. ಆಮೇಲೆ ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ. ಹಳೇ ಹೈಪೋಕ್ಲೋರೈಟ್ ಬಾಟಲಿ ಬೇಡ, ನಮ್ಮ ಬಿಸಿಲಿಗೆ ಅದರ ಕ್ಲೋರಿನ್ ಹಾರಿಹೋಗಿರುತ್ತದೆ. ಎಳೆ ಚಿಗುರಾದರೆ ಹೊತ್ತು ಕಡಿಮೆ ಮಾಡಿ, ಇಲ್ಲದಿದ್ದರೆ ಒಳಗಿನದೂ ಸಾಯುತ್ತದೆ.

ಈಗ ಎಲ್ಲರೂ ಬಿಡುವ ಹಂತ. ಕೊನೆಯ ತೊಳೆನೀರಿನ ಹನಿಯೊಂದನ್ನು ಶಿಲೀಂಧ್ರ ಬೆಳೆಸುವ ಬೇರೆ ಅಗಾರ್ ಪ್ಲೇಟಿಗೆ ಹಾಕಿಡಿ. ಅಲ್ಲಿ ಏನಾದರೂ ಬೆಳೆದರೆ ನಿಮ್ಮ ತೊಳೆತ ಸರಿಯಾಗಿಲ್ಲ, ಆ ಸಲದ ಪ್ಲೇಟುಗಳನ್ನೆಲ್ಲ ಎಸೆಯಿರಿ. ದಯವಿಟ್ಟು ಎಸೆಯಿರಿ.

ಎಲೆಯನ್ನು ಅರ್ಧ ಸೆಂಟಿಮೀಟರ್ ತುಂಡು ಮಾಡಿ, ಆಂಟಿಬಯೋಟಿಕ್ ಬೆರೆಸಿದ ಆಲೂಗಡ್ಡೆ ಅಗಾರ್ ಮೇಲಿಟ್ಟು 25ರಿಂದ 28 ಡಿಗ್ರಿಯಲ್ಲಿಡಿ. ಮೇ ತಿಂಗಳಲ್ಲಿ ಮೇಜಿನ ಮೇಲೆ ಬಿಟ್ಟರೆ ಕಪ್ಪು ಆಸ್ಪರ್ಜಿಲಸ್ ಎಂಬ ಬೂಸ್ಟು ಎರಡೇ ದಿನಕ್ಕೆ ಪ್ಲೇಟು ನುಂಗುತ್ತದೆ. ಎಂಡೋಫೈಟ್‌ಗೆ ಅವಸರವಿಲ್ಲ. ನಾಲ್ಕೈದು ದಿನಕ್ಕೋ, ಇನ್ನೂ ತಡವಾಗಿಯೋ, ಕತ್ತರಿಸಿದ ಅಂಚಿನಿಂದ ಬಿಳಿ ಎಳೆ ಇಣುಕುತ್ತದೆ. ಆ ಎಳೆಯ ತುದಿಯನ್ನಷ್ಟೇ ಹೊಸ ಪ್ಲೇಟಿಗೆ ಸಾಗಿಸಿ.

ಟ್ಯಾಕ್ಸಾಲ್ ಕಥೆ ಹೇಳಲೇಬೇಕು. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಸಿಕ್ಕ ಈ ವಸ್ತುವಿನ ರಚನೆ 1971ರಲ್ಲಿ ಪ್ರಕಟವಾಯಿತು. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಔಷಧವೆಂದು ಅಲ್ಲಿ ಒಪ್ಪಿಗೆ ಸಿಕ್ಕಿತು. ತೊಗಟೆ ಸುಲಿದರೆ ಮರ ಸಾಯುತ್ತದೆ, ಮರವೋ ಬಲು ನಿಧಾನ ಬೆಳೆಯುವಂಥದ್ದು. ಮರುವರ್ಷ, 1993ರಲ್ಲಿ, ವಿಜ್ಞಾನಿಗಳಾದ ಸ್ಟೀರ್ಲ್ ದಂಪತಿ ಮತ್ತು ಗ್ಯಾರಿ ಸ್ಟ್ರೋಬೆಲ್ ಅದೇ ಮರದೊಳಗಿನ ಟ್ಯಾಕ್ಸೋಮೈಸಿಸ್ ಆಂಡ್ರಿಯಾನೇ ಎಂಬ ಶಿಲೀಂಧ್ರವೂ ಟ್ಯಾಕ್ಸಾಲ್ ಕೊಡುತ್ತದೆ ಎಂದರು. ಜಗತ್ತೇ ಕುಣಿಯಿತು! ಸಿಕ್ಕಿದ್ದೆಷ್ಟು? ಒಂದು ಲೀಟರಿಗೆ 24ರಿಂದ 50 ನ್ಯಾನೋಗ್ರಾಂ. 50 ನ್ಯಾನೋಗ್ರಾಂನಂತೆ ಸಿಕ್ಕರೂ ಒಂದು ಗ್ರಾಂಗೆ ಎರಡು ಕೋಟಿ ಲೀಟರ್ ಬೇಕು. 2013ರಲ್ಲಿ ಬೇರೆ ತಂಡವೊಂದು ಅದರ ಜೀನೋಮ್ ಓದಿದಾಗ, ಯೂ ಮರದಲ್ಲಿ ಟ್ಯಾಕ್ಸಾಲ್ ಕಟ್ಟುವ ಜೀನುಗಳಂಥವು ಅಲ್ಲಿ ಸಿಗಲಿಲ್ಲ. ಮರದ್ದೇ ಒಂದಿಷ್ಟು ಅಂಟಿಕೊಂಡು ಬಂದಿತ್ತೇ? ಮತ್ತೆ ಅದೇ ಪ್ರಶ್ನೆ: ಎಲ್ಲಿಂದ ಬಂತು? ಬೇವಿನ ಎಂಡೋಫೈಟೊಂದು ಬೇವಿನದೇ ಕೀಟನಾಶಕ ವಸ್ತುವಾದ ಅಜಾಡಿರಾಕ್ಟಿನ್ ಕೊಡುತ್ತದೆ ಎಂದು 2012ರಲ್ಲಿ ವರದಿಯಾಗಿದೆ. ಅದನ್ನೋದಿ ಉತ್ಸಾಹ ಬಂದವರೂ ಇದನ್ನೇ ಕೇಳಿಕೊಳ್ಳಿ.

ಸಮಯ ಮುಗಿಯುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಆಲೂಗಡ್ಡೆ ದ್ರವದಲ್ಲಿ ಮೂರು ವಾರ ಬೆಳೆಸಿ, ಸೋಸಿ, ಅಷ್ಟೇ ಅಳತೆಯ ಈಥೈಲ್ ಅಸಿಟೇಟ್ ಎಂಬ ದ್ರಾವಕದಿಂದ ಮೂರು ಸಲ ಸಾರ ತೆಗೆಯಿರಿ. 40 ಡಿಗ್ರಿ ಮೀರದಂತೆ ಒಣಗಿಸಿ. ಶಿಲೀಂಧ್ರ ಹಾಕದ ದ್ರವದಿಂದಲೂ ಇದೇ ರೀತಿ ಸಾರ ತೆಗೆದು, ಪಕ್ಕದಲ್ಲಿಟ್ಟು ಪರೀಕ್ಷಿಸಿ; ಗುಣ ಶಿಲೀಂಧ್ರದ್ದೋ ದ್ರವದ್ದೋ ಆಗ ತಿಳಿಯುತ್ತದೆ. ಸಾರವನ್ನು ಬಾಯಿಗೆ ಮುಟ್ಟಿಸಬೇಡಿ, ವಿಷವೂ ಇರಬಹುದು. ಪ್ಲೇಟಿನಿಂದ ಪ್ಲೇಟಿಗೆ ಸಾಗಿಸುತ್ತಲೇ ಹೋದರೆ ಶಿಲೀಂಧ್ರ ಆ ರಾಸಾಯನಿಕ ತಯಾರಿಸುವುದನ್ನೇ ಬಿಟ್ಟುಬಿಡುವುದುಂಟು. ಆದ್ದರಿಂದ ಮೊದಲ ಶುದ್ಧ ಬೆಳೆಯನ್ನೇ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಇಡಿ. ಆ ಫ್ರೀಜರ್ ಇಲ್ಲದ ಕಾಲೇಜಿನವರು ಕೊಳವೆಯಲ್ಲಿ ಓರೆಯಾಗಿ ಗಟ್ಟಿಮಾಡಿದ ಅಗಾರ್‌ನಲ್ಲಿ ಬೆಳೆಸಿ, ಅದರ ಮೇಲೆ ಕ್ರಿಮಿಶುದ್ಧ ಮಿನರಲ್ ಎಣ್ಣೆ ಸುರಿದು 4 ಡಿಗ್ರಿಯಲ್ಲಿಡಿ. ನಮಸ್ಕಾರ.